17,500ರ ಕೆಲಸವೋ, 8,050ರ ಅಪ್ರೆಂಟಿಸ್‌ಶಿಪ್ಪೋ?

ಪ್ರಶ್ನೆ: ನಾವು ಹೆಗ್ಗನಹಳ್ಳಿ ಕ್ರಾಸ್ ಕಡೆಯವರು. ಯಜಮಾನರು ಆಟೊ ಓಡಿಸುತ್ತಾರೆ, ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಮಗನಿಗೆ 19 ವರ್ಷ. ಎಸ್ಸೆಸ್ಸೆಲ್ಸಿ ಆದಮೇಲೆ ಸರ್ಕಾರಿ ಐಟಿಐಯಲ್ಲಿ ಎರಡು ವರ್ಷದ ಫಿಟ್ಟರ್ ಕೋರ್ಸ್ ಮಾಡಿ ಈ ಸಲ ಪಾಸಾಗಿದ್ದಾನೆ. ಪೀಣ್ಯದ ಒಂದು ಕಂಪನಿ ಒಂದು ವರ್ಷ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತೇವೆ, ತಿಂಗಳಿಗೆ 8,050 ರೂಪಾಯಿ ಎಂದಿದೆ. ಕಂಟ್ರಾಕ್ಟರ್ ಒಬ್ಬರು ಬೊಮ್ಮಸಂದ್ರದಲ್ಲಿ ಆಪರೇಟರ್ ಕೆಲಸ ಇದೆ, 12 ಗಂಟೆ ಪಾಳಿ, 17,500 ಎನ್ನುತ್ತಾರೆ. ಇನ್ನೊಬ್ಬರು, 25,000 ಕೊಟ್ಟರೆ ಸರ್ಕಾರಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಮಾಡಿಸಿ ಮುಂದೆ ಪರ್ಮನೆಂಟ್ ಕೂಡ ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ‘ಎರಡು ವರ್ಷ ಕಲಿತದ್ದು ಸಾಲದಾ, ಇನ್ನೊಂದು ವರ್ಷ ಯಾಕೆ ಹಾಳು ಮಾಡಬೇಕು’ ಎಂದು ಯಜಮಾನರು ಕೇಳುತ್ತಾರೆ. ಮಗನಿಗೆ ಡಿಪ್ಲೊಮಾ ಮಾಡುವ ಆಸೆಯೂ ಇದೆ. ಅಪ್ರೆಂಟಿಸ್ ಅಂದರೆ ಕಡಿಮೆ ದುಡ್ಡಿಗೆ ದುಡಿಸಿಕೊಂಡು ಕಳಿಸುವುದು ಎಂದು ಅಕ್ಕಪಕ್ಕದವರು ಹೆದರಿಸುತ್ತಾರೆ. ಏನು ಮಾಡುವುದು ತಿಳಿಸಿ.

ಉತ್ತರ: ಮೊದಲು ಆ 25,000ದ ಮಾತು ಮುಗಿಸಿಬಿಡೋಣ. ಒಂದು ರೂಪಾಯಿಯನ್ನೂ ಕೊಡಬೇಡಿ. ರೈಲ್ವೆಯಲ್ಲಿ ಅಪ್ರೆಂಟಿಸ್ ಆಯ್ಕೆ ನಡೆಯುವುದು ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೆರಿಟ್ ಮೇಲೆ. ಕೇಂದ್ರದ ಉದ್ದಿಮೆಗಳೂ ಪ್ರಕಟಣೆ ಹೊರಡಿಸಿ, ಅರ್ಜಿ ಕರೆದು, ಪಟ್ಟಿ ಹಾಕುತ್ತವೆ. ಅಂಕಪಟ್ಟಿಯಲ್ಲಿರುವ ಸಂಖ್ಯೆಯನ್ನು ಮಧ್ಯವರ್ತಿ ಬದಲಾಯಿಸಲಾರ. ನಿಮ್ಮ ಮಗನ ಹೆಸರು ಮೆರಿಟ್‌ನಲ್ಲೇ ಬಂದರೆ ‘ನಾನೇ ಮಾಡಿಸಿದೆ’ ಎಂದು ದುಡ್ಡು ಇಟ್ಟುಕೊಳ್ಳುತ್ತಾನೆ, ಬಾರದಿದ್ದರೆ ಮುಂದಿನ ಸಲ ಎನ್ನುತ್ತಾನೆ. ಇನ್ನು ‘ಪರ್ಮನೆಂಟ್’ ಎಂಬ ಭರವಸೆಯನ್ನು ಸ್ವತಃ ಕಂಪನಿಯೂ ಸಾಮಾನ್ಯವಾಗಿ ಕೊಡುವುದಿಲ್ಲ, ಅದರ ವಿವರ ಮುಂದೆ ಹೇಳುತ್ತೇನೆ. ಮೂಲ ಮಾರ್ಕ್ಸ್ ಕಾರ್ಡನ್ನೂ ಅವನ ಕೈಗೆ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ವಾಪಸು ತನ್ನಿ.

ಉಳಿದದ್ದು ಪೀಣ್ಯ ಮತ್ತು ಬೊಮ್ಮಸಂದ್ರ. ಯಜಮಾನರ ಪ್ರಶ್ನೆ ನ್ಯಾಯವಾದದ್ದೇ. ಮನೆಯ ಖರ್ಚು ಹೊತ್ತವರು ಹಾಗೆ ಕೇಳಲೇಬೇಕು. ಪಕ್ಕದ ಮನೆಯವರ ಮಾತಿನಲ್ಲೂ ಅರ್ಧ ನಿಜವಿದೆ. ಅಪ್ರೆಂಟಿಸ್ ಹೆಸರಿನಲ್ಲಿ ಹುಡುಗರನ್ನು ಹನ್ನೆರಡು ತಿಂಗಳೂ ಒಂದೇ ಲೈನಿನಲ್ಲಿ ನಿಲ್ಲಿಸಿ, ಸ್ಕ್ರೂ ಬಿಗಿಸಿ ಕಳಿಸುವ ಜಾಗಗಳು ಇವೆ. ಹುಡುಗನನ್ನು ನಾಲ್ಕೈದು ವಿಭಾಗ ಸುತ್ತಿಸಿ, ಒಳ್ಳೆಯ ಕೆಲಸಗಾರನನ್ನಾಗಿ ಮಾಡಿ ಕಳಿಸುವ ಜಾಗಗಳೂ ಇದೇ ಬೆಂಗಳೂರಿನಲ್ಲಿವೆ. ಹೊರಗಿನಿಂದ ನೋಡಿದರೆ ಎರಡೂ ಕಡೆ ಅದೇ ಸ್ಟೈಪೆಂಡ್, ಅದೇ ಯೂನಿಫಾರ್ಮ್. ಹಾಗಾಗಿ ‘ಅಪ್ರೆಂಟಿಸ್‌ಶಿಪ್ ಒಳ್ಳೆಯದಾ’ ಎಂದು ಕೇಳುವುದಕ್ಕಿಂತ, ಈ ಕಂಪನಿ ಇವನಿಗೆ ಏನು ಕಲಿಸುತ್ತದೆ, ಯಾರು ಕಲಿಸುತ್ತಾರೆ, ಒಪ್ಪಂದದಲ್ಲಿ ಯಾವ ಟ್ರೇಡ್ ಬರೆಯುತ್ತದೆ ಎಂದು ಕೇಳಬೇಕು. ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಪೀಣ್ಯಕ್ಕೇ ಕಳಿಸಿ. ಸಿಗದಿದ್ದರೆ ಬೇರೆ ದಾರಿ ಇದೆ.

ಎರಡು ವರ್ಷ ಐಟಿಐಯಲ್ಲಿ ಕಲಿತದ್ದು ಸಾಲದೇ ಎಂಬುದಕ್ಕೆ ಒಂದು ಕೆಲಸವನ್ನೇ ಹತ್ತಿರದಿಂದ ನೋಡೋಣ. ಮೋಟರ್ ಶಾಫ್ಟಿಗೆ ಬೇರಿಂಗ್ ಕೂರಿಸುವುದು ಫಿಟ್ಟರ್‌ನ ನಿತ್ಯದ ಕೆಲಸ. 6208 ನಂಬರಿನ ಬೇರಿಂಗ್ ತೆಗೆದುಕೊಳ್ಳಿ. ಒಳವ್ಯಾಸ 40 ಮಿ.ಮೀ., ಹೊರವ್ಯಾಸ 80. ಡ್ರಾಯಿಂಗಿನಲ್ಲಿ ಶಾಫ್ಟಿನ ಅಳತೆ ‘40 ಕೆ6’ ಎಂದಿದ್ದರೆ, ಶಾಫ್ಟ್ 40.002ರಿಂದ 40.018 ಮಿ.ಮೀ. ಒಳಗೆ ಇರಬೇಕು ಎಂದರ್ಥ. ಬೇರಿಂಗಿನ ತೂತು 39.988ರಿಂದ 40.000. ಅಂದರೆ ಶಾಫ್ಟು ತೂತಿಗಿಂತ 0.002ರಿಂದ 0.030 ಮಿ.ಮೀ.ನಷ್ಟು ದಪ್ಪ. ಆ ಬಿಗಿ ಬೇಕೆಂದೇ ಇಟ್ಟದ್ದು. ಐಟಿಐಯಲ್ಲಿ ಈ ಪಾಠ ಪುಸ್ತಕದಲ್ಲಿ ಬಂದಿರುತ್ತದೆ, ಪರೀಕ್ಷೆಯಲ್ಲಿ ಬರೆದೂ ಇರುತ್ತಾನೆ.

ಶಾಪ್ ಫ್ಲೋರಿನಲ್ಲಿ ಏನಾಗುತ್ತದೆ? ಲೈನ್ ನಿಂತಿದೆ, ಸೂಪರ್‌ವೈಸರ್ ತಲೆಯ ಮೇಲೆ ನಿಂತಿದ್ದಾರೆ. ಹೊಸ ಹುಡುಗ ಸುತ್ತಿಗೆ ಎತ್ತಿ ಬೇರಿಂಗಿನ ಹೊರ ರಿಂಗಿಗೆ ಹೊಡೆಯುತ್ತಾನೆ, ಏಕೆಂದರೆ ಕಣ್ಣಿಗೆ ದೊಡ್ಡದಾಗಿ ಕಾಣುವುದು ಅದೇ. ಬಿಗಿ ಇರುವುದು ಒಳ ರಿಂಗಿನಲ್ಲಿ. ಹೊರಗಿನಿಂದ ಕೊಟ್ಟ ಏಟು ಗುಂಡುಗಳ ಮೂಲಕ ಹಾದು ಒಳ ರಿಂಗಿಗೆ ಮುಟ್ಟುತ್ತದೆ, ಗುಂಡು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಅವತ್ತು ಮೆಷಿನ್ ಓಡುತ್ತದೆ, ಎಲ್ಲರೂ ಶಹಭಾಸ್ ಎನ್ನುತ್ತಾರೆ. ಆಮೇಲೆ ಸದ್ದು ಶುರುವಾಗಿ, ಬೇರಿಂಗ್ ಬಿಸಿಯಾಗಿ, ಕಾಲಕ್ಕೆ ಮೊದಲೇ ಹೋಗುತ್ತದೆ. ತಪ್ಪು ಮಾಡಿದವನಿಗೆ ಅದು ತನ್ನ ತಪ್ಪೆಂದು ತಿಳಿಯುವುದೇ ಇಲ್ಲ.

ಕಲಿಸುವವರು ಪಕ್ಕದಲ್ಲಿದ್ದರೆ ಇದೇ ಕೆಲಸ ಬೇರೆ ಥರ ನಡೆಯುತ್ತದೆ. ಮೊದಲು 25ರಿಂದ 50 ಮಿ.ಮೀ. ಅಳೆಯುವ ಮೈಕ್ರೋಮೀಟರ್ ಉಪಕರಣದಿಂದ ಶಾಫ್ಟನ್ನು ಎರಡು ಮೂರು ಕಡೆ, ತಿರುಗಿಸಿ ತಿರುಗಿಸಿ ಅಳೆಯುವುದು. 39.97 ಬಂತೆಂದರೆ ಶಾಫ್ಟ್ ಸವೆದಿದೆ. ಹೊಸ ಬೇರಿಂಗ್ ಹಾಕಿದರೂ ಒಳ ರಿಂಗ್ ಶಾಫ್ಟಿನ ಮೇಲೆ ಜಾರಿ ಇನ್ನಷ್ಟು ತಿನ್ನುತ್ತದೆ. ಅಂಥ ಕಡೆ ಸೆಂಟರ್ ಪಂಚ್‌ನಿಂದ ಸುತ್ತಲೂ ಚುಕ್ಕೆ ಹೊಡೆದು ಬಿಗಿ ತರುವ ರೂಢಿ ಹಲವು ಕಡೆ ಇದೆ. ಅದು ನಾಲ್ಕು ದಿನದ ಉಪಾಯ. ಶಾಫ್ಟಿಗೆ ಲೋಹ ತುಂಬಿಸಿ ಮತ್ತೆ ಅಳತೆಗೆ ತರಬೇಕು, ಇಲ್ಲವೇ ಸ್ಲೀವ್ ಹಾಕಬೇಕು. ಅಳತೆ ಸರಿ ಇದ್ದರೆ ಬೇರಿಂಗನ್ನು ಇಂಡಕ್ಷನ್ ಹೀಟರ್‌ನಲ್ಲಿ ಬಿಸಿ ಮಾಡುವುದು. ಶಾಫ್ಟಿಗಿಂತ 80 ಡಿಗ್ರಿ ಹೆಚ್ಚು ಬಿಸಿಯಾದರೆ 40 ಮಿ.ಮೀ. ತೂತು ಸುಮಾರು 0.038 ಮಿ.ಮೀ. ಹಿಗ್ಗುತ್ತದೆ. ನಮಗೆ ಇದ್ದ ಅತಿ ಹೆಚ್ಚಿನ ಬಿಗಿ 0.030, ಹಾಗಾಗಿ ಸುತ್ತಿಗೆಯ ಅಗತ್ಯವಿಲ್ಲದೆ ಜಾರಿಕೊಂಡು ಕೂರುತ್ತದೆ. 120 ಡಿಗ್ರಿ ದಾಟಿಸಬಾರದು, ಗ್ಯಾಸ್ ಕಟ್ಟರಿನ ಬೆಂಕಿ ಹಿಡಿಯಲೇಬಾರದು. ಕೂರಿಸಿದ ಮೇಲೆ ಶಾಫ್ಟಿನ ಭುಜಕ್ಕೆ ಒತ್ತಿ, ಹಿಡಿತ ಬರುವ ತನಕ ಹಿಡಿದಿರಬೇಕು. ಇಲ್ಲವಾದರೆ ತಣ್ಣಗಾಗುವಾಗ ಹಿಂದೆ ಸರಿದು ಸಂದು ಬಿಡುತ್ತದೆ.

ಇಷ್ಟನ್ನೂ ಪುಸ್ತಕ ಕಲಿಸಲಾರದು, ಟಾರ್ಗೆಟ್ ಇರುವ ಲೈನೂ ಕಲಿಸಲಾರದು. ‘ಯಾಕೆ’ ಎಂದು ಕೇಳಲು ಪುರಸೊತ್ತು ಬೇಕು. ಅಪ್ರೆಂಟಿಸ್‌ಶಿಪ್ಪಿನ ನಿಜವಾದ ಬೆಲೆ ಅಲ್ಲಿದೆ. 1961ರ ಅಪ್ರೆಂಟಿಸಸ್ ಕಾಯ್ದೆ ಈ ಪುರಸೊತ್ತನ್ನು ಕಾನೂನಿನಲ್ಲೇ ಬರೆದಿಟ್ಟಿದೆ. ಅಪ್ರೆಂಟಿಸ್‌ಗೆ ಪೀಸಿನ ಲೆಕ್ಕದಲ್ಲಿ ದುಡ್ಡು ಕೊಡುವಂತಿಲ್ಲ, ಉತ್ಪಾದನಾ ಬೋನಸ್ ಅಥವಾ ಇನ್ಸೆಂಟಿವ್ ಸ್ಕೀಮಿಗೆ ಅವನನ್ನು ಎಳೆಯುವಂತಿಲ್ಲ, ಅಪ್ರೆಂಟಿಸ್‌ಶಿಪ್ ಅಡ್ವೈಸರ್ (ಈ ಕಾಯ್ದೆಯ ಜಾರಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಒಪ್ಪಿಗೆ ಇಲ್ಲದೆ ಓಟಿ ಮಾಡಿಸುವಂತಿಲ್ಲ, ತರಬೇತಿಗೆ ಸಂಬಂಧವಿಲ್ಲದ ಕೆಲಸ ಕೊಡುವಂತಿಲ್ಲ. ಕಂಪನಿ ಕಲಿಸಬಲ್ಲ ವ್ಯಕ್ತಿಯನ್ನು ಅವನ ಮೇಲೆ ನೇಮಿಸಲೇಬೇಕು. ‘ಕೂಲಿ ಕಡಿಮೆ’ ಎನ್ನುವವರು ಈ ಇನ್ನೊಂದು ಮಗ್ಗುಲನ್ನು ನೋಡಿರುವುದಿಲ್ಲ.

ಕಂಪನಿಗಳು ಧರ್ಮಕ್ಕೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದಿಲ್ಲ ಎಂಬುದೂ ತಿಳಿದಿರಲಿ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ, ಕಂಟ್ರಾಕ್ಟಿನವರನ್ನೂ ಸೇರಿಸಿ ಎಣಿಸಿ, ಒಟ್ಟು ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವ ಕಡೆ ಅದು ಅವರ ಇಷ್ಟ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಪಿಎಫ್, ಇಎಸ್‌ಐ ಕಟ್ಟುವ ಹೊಣೆಯೂ ಕಂಪನಿಗೆ ಇರುವುದಿಲ್ಲ. ತರಬೇತಿ ವಿಭಾಗ ಗಟ್ಟಿಯಾಗಿರುವ ಕಡೆ ಇದನ್ನು ಮುಂದಿನ ಕೆಲಸಗಾರರನ್ನು ತಯಾರು ಮಾಡಲು ಬಳಸುತ್ತಾರೆ. ತರಬೇತಿ ವಿಭಾಗವೇ ಇಲ್ಲದ ಕಡೆ, ಕಂಟ್ರಾಕ್ಟ್ ಹುಡುಗರು ಬಿಟ್ಟುಹೋದ ಜಾಗ ತುಂಬಲು ಬಳಸುತ್ತಾರೆ. ಲೈನಿನ ಸೂಪರ್‌ವೈಸರ್ ಕೆಟ್ಟವರೆಂದಲ್ಲ. ಅವರನ್ನು ದಿನಾ ಸಂಜೆ ಕೇಳುವುದು ಎಷ್ಟು ಪೀಸ್ ಆಯಿತೆಂದು, ಯಾರು ಏನು ಕಲಿತರೆಂದು ಯಾರೂ ಕೇಳುವುದಿಲ್ಲ. ಕೈ ಪಳಗಿದ ಹುಡುಗನನ್ನು ಬೇರೆ ವಿಭಾಗಕ್ಕೆ ಬಿಟ್ಟುಕೊಡಲು ಅವರಿಗೆ ಮನಸ್ಸು ಬಾರದು. ಹುಡುಗ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುವುದು ಹೀಗೆ.

ಈಗ ದುಡ್ಡಿನ ಲೆಕ್ಕ. 17,500ಕ್ಕೂ 8,050ಕ್ಕೂ ವ್ಯತ್ಯಾಸ ತಿಂಗಳಿಗೆ 9,450, ವರ್ಷಕ್ಕೆ 1,13,400. ಇದು ನಿಮ್ಮಂಥ ಮನೆಗೆ ಸಣ್ಣ ಮೊತ್ತವಲ್ಲ. ಆದರೆ ಅದನ್ನು ಬಿಡಿಸಿ ನೋಡಿ. ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆ ಅಂದರೆ 72 ಗಂಟೆ. 48 ಗಂಟೆಯ ವಾರಕ್ಕೆ ಇಳಿಸಿದರೆ ಆ 17,500 ಸುಮಾರು 11,667 ಆಗುತ್ತದೆ. ಕಾನೂನಿನ ಪ್ರಕಾರ ಓಟಿಗೆ ದುಪ್ಪಟ್ಟು ದರ ಸಿಗಬೇಕು. ಅದು ಈ 17,500ರ ಒಳಗೇ ಸೇರಿದೆಯೋ ಹೊರಗೋ ಎಂದು ಕಂಟ್ರಾಕ್ಟರನ್ನು ನೇರವಾಗಿ ಕೇಳಿ. ಒಳಗೇ ಎಂದರೆ 8 ಗಂಟೆಯ ಸಂಬಳ ಇನ್ನೂ ಕೆಳಗಿಳಿಯುತ್ತದೆ. ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಹೋಗುತ್ತದೆ. ಪಿಎಫ್ ನಿಮ್ಮ ಮಗನದೇ ದುಡ್ಡು, ಇಎಸ್‌ಐ ಆಸ್ಪತ್ರೆಗೆ ಆಗುತ್ತದೆ, ಹಾಗಾಗಿ ಅದು ನಷ್ಟವಲ್ಲ. ಪೀಣ್ಯದಲ್ಲಿ ಸಿಗದ ಅನುಕೂಲ ಅದು. ಆದರೆ ಹೆಗ್ಗನಹಳ್ಳಿಯಿಂದ ಬೊಮ್ಮಸಂದ್ರ ಎಂದರೆ ಊರಿನ ಈ ತುದಿಯಿಂದ ಆ ತುದಿ. ಮೆಟ್ರೊ ಬಂದಿದ್ದರೂ 12 ಗಂಟೆಯ ಪಾಳಿ ಮುಗಿಸಿ ದಿನಾ ಓಡಾಡುವುದು ಆಗದ ಮಾತು. ಅಲ್ಲೇ ರೂಮು ಮಾಡಬೇಕು, ಊಟಕ್ಕೆ ಬೇರೆ ಖರ್ಚು. ಪೀಣ್ಯಕ್ಕಾದರೆ ಮನೆ ಊಟ, ಕ್ಯಾಂಟೀನ್ ಇದ್ದರೆ ಅದೂ ಉಳಿಯಿತು. ಇಷ್ಟು ಕೂಡಿಸಿ ಕಳೆದಮೇಲೆ ನಿಜವಾದ ವ್ಯತ್ಯಾಸ 9,450ಕ್ಕಿಂತ ಬಹಳ ಕೆಳಗೆ ನಿಲ್ಲುತ್ತದೆ. ಎಷ್ಟೆಂದು ನಿಮ್ಮ ಮನೆಯ ಲೆಕ್ಕದಲ್ಲಿ ನೀವೇ ಬರೆದು ನೋಡಿ.

8,050 ಎಂಬುದು ಕಂಪನಿ ಮನಸ್ಸಿಗೆ ಬಂದಂತೆ ಹೇಳಿದ್ದಲ್ಲ. 2019ರ ನಿಯಮದಲ್ಲಿ ಐಟಿಐ ಪ್ರಮಾಣಪತ್ರ ಇದ್ದವರಿಗೆ ಕನಿಷ್ಠ 7,000, ಎರಡನೇ ವರ್ಷಕ್ಕೆ ಶೇ 10, ಮೂರನೇ ವರ್ಷಕ್ಕೆ ಶೇ 15 ಹೆಚ್ಚು ಎಂದಿದೆ. ಎರಡು ವರ್ಷದ ಐಟಿಐ ಮಾಡಿದವರನ್ನು ಮೂರನೇ ವರ್ಷಕ್ಕೆ ಸಮ ಎಂದು ಹಿಡಿದು 8,050, ಒಂದು ವರ್ಷದ ಟ್ರೇಡಿನವರಿಗೆ 7,700 ಕೊಡುವುದು ಕೇಂದ್ರ ಉದ್ದಿಮೆಗಳ ಪ್ರಕಟಣೆಗಳಲ್ಲೂ ಕಾಣುತ್ತದೆ. ಇದು ಕನಿಷ್ಠ ಮೊತ್ತ, ಹೆಚ್ಚು ಕೊಡಲು ಅಡ್ಡಿಯಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ, ಆಗ 5,000ದಿಂದ 9,000 ಇದ್ದ ಒಟ್ಟಾರೆ ಶ್ರೇಣಿಯನ್ನು 6,800ರಿಂದ 12,300ಕ್ಕೆ ಏರಿಸಲು ಶಿಫಾರಸು ಮಾಡಿತು. ಹಾಗಾಗಿ ಸಹಿ ಹಾಕುವ ದಿನ ಜಾರಿಯಲ್ಲಿರುವ ದರ ಎಷ್ಟೆಂದು ಐಟಿಐಯ ಅಪ್ರೆಂಟಿಸ್ ವಿಭಾಗದಲ್ಲಿ ಕೇಳಿಕೊಂಡೇ ಹೋಗಿ. ಇನ್ನೊಂದು ಗೊಂದಲ ಈಗಲೇ ತಿಳಿದಿರಲಿ. ಸರ್ಕಾರದ ಪಾಲು ಕಂಪನಿಯ ಮೂಲಕ ಬರದೆ ನೇರ ಹುಡುಗನ ಖಾತೆಗೆ ಬೇರೆ ದಿನ ಜಮಾ ಆಗಬಹುದು. ಕಂಪನಿ 6,550 ಹಾಕಿತು, 1,500 ನುಂಗಿತು ಎಂದು ಮೊದಲ ತಿಂಗಳೇ ಜಗಳಕ್ಕೆ ಹೋಗುವ ಮುಂಚೆ ಪಾಸ್‌ಬುಕ್ ನೋಡಿ.

ಇನ್ನು ಬಹಳ ಜನ ಗಮನಿಸದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಒಪ್ಪಂದದಲ್ಲಿ ಯಾವ ಟ್ರೇಡ್ ಎಂದು ಬರೆದಿದೆ? ಕಾಯ್ದೆಯಲ್ಲಿ ಎರಡು ಬಗೆ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರೀಷಿಯನ್ ಇಂಥವು ಸರ್ಕಾರ ಗೊತ್ತುಪಡಿಸಿದ ಟ್ರೇಡ್‌ಗಳು. ಇವಕ್ಕೆ ಪಠ್ಯಕ್ರಮ ಇದೆ, ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಇದೆ, ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ, ಎಲ್ಲರೂ ಎನ್‌ಎಸಿ ಎನ್ನುವುದು, ಸಿಗುತ್ತದೆ. ಇನ್ನೊಂದು ಆಪ್ಷನಲ್ ಟ್ರೇಡ್. ಕಂಪನಿ ತನ್ನ ಕೆಲಸಕ್ಕೆ ತಕ್ಕ ಕೋರ್ಸನ್ನು ರೂಪಿಸಿಕೊಳ್ಳಬಹುದು, ಅವಧಿ 6 ತಿಂಗಳಿಂದ 36 ತಿಂಗಳವರೆಗೆ ಇರಬಹುದು. ಅದರಲ್ಲಿ ತಪ್ಪೇನಿಲ್ಲ, ಕೆಲವು ಹೊಸ ಕ್ಷೇತ್ರಗಳಿಗೆ ಅದೇ ಸರಿ. ಆದರೆ ಫಿಟ್ಟರ್ ಐಟಿಐ ಮಾಡಿದವನನ್ನು ‘ಅಸೆಂಬ್ಲಿ ಆಪರೇಟರ್’ ಎಂಬ ಆಪ್ಷನಲ್ ಟ್ರೇಡಿಗೆ ಸೇರಿಸಿದರೆ ವರ್ಷದ ಕೊನೆಗೆ ಫಿಟ್ಟರ್ ಎನ್‌ಎಸಿ ಕೈಗೆ ಬರುವುದಿಲ್ಲ. ಮುಂದೆ ಎನ್‌ಎಸಿ ಕೇಳುವ ಕಡೆ ಆ ಕಾಗದ ನಡೆಯದೇ ಹೋಗಬಹುದು. ಪೀಣ್ಯದ ಕಂಪನಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ಸರ್, ಕಾಂಟ್ರಾಕ್ಟ್ ಯಾವ ಟ್ರೇಡಿನಲ್ಲಿ ಆಗುತ್ತದೆ? ಎನ್‌ಎಸಿ ಪರೀಕ್ಷೆಗೆ ಕೂರಿಸುತ್ತೀರಾ?’ ಐಟಿಐ ಪಾಸಾಗಿರುವುದರಿಂದ ಫಿಟ್ಟರ್ ಟ್ರೇಡಿನಲ್ಲಿ ಮೂಲ ತರಬೇತಿಯ ಅವಧಿ ಬಿಟ್ಟು ಒಂದೇ ವರ್ಷ ಸಾಕು.

ಎರಡನೇ ಪ್ರಶ್ನೆ, ಹನ್ನೆರಡು ತಿಂಗಳು ಎಲ್ಲೆಲ್ಲಿ ಹಾಕುತ್ತೀರಿ ಎಂಬುದು. ಒಳ್ಳೆಯ ಕಡೆಯಾದರೆ ರೊಟೇಶನ್ ಚಾರ್ಟ್ ತೆಗೆದು ತೋರಿಸುತ್ತಾರೆ. ಫಿಟ್ಟರ್‌ಗೆ ನನ್ನ ಮಟ್ಟಿಗೆ ಸಮಾಧಾನ ತರುವ ಹಂಚಿಕೆ ಎಂದರೆ, ಸುರಕ್ಷತೆ ಮತ್ತು ಬೆಂಚ್ ಕೆಲಸಕ್ಕೆ ಮೊದಲ ತಿಂಗಳು, ಅಸೆಂಬ್ಲಿಯಲ್ಲಿ ಎರಡು ಮೂರು ತಿಂಗಳು, ಕ್ವಾಲಿಟಿಯಲ್ಲಿ ಎರಡು ತಿಂಗಳು, ಉಳಿದ ಹೆಚ್ಚಿನ ಕಾಲ ಮೆಂಟೆನೆನ್ಸ್‌ನಲ್ಲಿ ಅಥವಾ ಟೂಲ್ ರೂಮಿನಲ್ಲಿ. ಕ್ವಾಲಿಟಿ ವಿಭಾಗವನ್ನು ಹುಡುಗರು ಬೇಸರದ ಜಾಗ ಎಂದುಕೊಳ್ಳುತ್ತಾರೆ. ಆದರೆ ಡಯಲ್ ಗೇಜ್, ಹೈಟ್ ಗೇಜ್, ಬೋರ್ ಗೇಜ್ ದಿನಾ ಕೈಯಲ್ಲಿ ಹಿಡಿದು, ರಿಜೆಕ್ಟ್ ಆದ ಜಾಬ್ (ತಯಾರಾದ ಬಿಡಿಭಾಗ) ಏಕೆ ರಿಜೆಕ್ಟ್ ಆಯಿತೆಂದು ನೋಡಿದವನಿಗೆ ಡ್ರಾಯಿಂಗ್ ಓದುವುದು ತಾನಾಗಿ ಬರುತ್ತದೆ. ಮೆಂಟೆನೆನ್ಸ್‌ನಲ್ಲಿ ಗೇರ್ ಬಾಕ್ಸ್ ಬಿಚ್ಚುವುದು, ಕಪ್ಲಿಂಗ್ ಅಲೈನ್‌ಮೆಂಟ್, ಹೈಡ್ರಾಲಿಕ್ ಸೋರಿಕೆ ಹುಡುಕುವುದು, ನ್ಯೂಮ್ಯಾಟಿಕ್ ಸರ್ಕ್ಯೂಟ್ ಇವೆಲ್ಲ ಒಂದೇ ಕಡೆ ನೋಡಲು ಸಿಗುತ್ತವೆ. ‘ಅದೆಲ್ಲ ಬಂದಮೇಲೆ ನೋಡೋಣ’ ಎಂಬ ಉತ್ತರ ಬಂದರೆ, ‘ಹೋದ ವರ್ಷದ ಬ್ಯಾಚಿನ ಒಂದಿಬ್ಬರ ಹತ್ತಿರ ಮಾತಾಡಬಹುದಾ’ ಎಂದು ಕೇಳಿ. ಅದೂ ಆಗದಿದ್ದರೆ ಪಾಳಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರದ ಟೀ ಅಂಗಡಿಗೆ ಮಗನನ್ನು ಕಳಿಸಿ. ಅಲ್ಲಿ ಹತ್ತು ನಿಮಿಷದಲ್ಲಿ ನಿಜ ತಿಳಿಯುತ್ತದೆ. ಕೇಳಬೇಕಾದ್ದು ಒಂದೇ: ‘ಅಣ್ಣ, ಒಂದು ವರ್ಷದಲ್ಲಿ ಎಷ್ಟು ಸೆಕ್ಷನ್ ನೋಡಿದೆ?’

ಮೂರನೆಯದು, ಕಲಿಸುವವರು ಯಾರು. ತರಬೇತಿ ಅಧಿಕಾರಿ ಎಂಬ ಹೆಸರು ಕಾಗದದಲ್ಲಿ ಎಲ್ಲ ಕಡೆಯೂ ಇರುತ್ತದೆ. ಶಾಪ್‌ನಲ್ಲಿ ಯಾವ ಹಿರಿಯ ಕೆಲಸಗಾರರ ಜೊತೆ ನಿಲ್ಲಿಸುತ್ತಾರೆ ಎಂಬುದೇ ಬೇರೆ. ಎರಡನ್ನೂ ಕೇಳಿ.

ಈ ಮೂರಕ್ಕೂ ಉತ್ತರ ಸಮಾಧಾನವಾಗಿದ್ದರೆ ಸೇರಿಸಿ. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಿನಲ್ಲೇ ಆಗಬೇಕು. ಬಾಯಿಮಾತಿಗೆ, ಲೆಟರ್‌ಹೆಡ್ ಮೇಲಿನ ‘ಟ್ರೈನಿ ಆಫರ್’ಗೆ ಕಾಯ್ದೆಯ ರಕ್ಷಣೆ ಇಲ್ಲ, ಎನ್‌ಎಸಿಯೂ ಇಲ್ಲ. ‘ಟ್ರೈನಿ’ ಎಂಬ ಪದವನ್ನು ಯಾರು ಯಾರಿಗೆ ಬೇಕಾದರೂ ಬಳಸಬಹುದು, ಆದರೆ ಕಾಯ್ದೆಯ ಅಪ್ರೆಂಟಿಸ್ ಆಗಲು ನೋಂದಾಯಿತ ಒಪ್ಪಂದ ಬೇಕೇ ಬೇಕು. ಪೋರ್ಟಲಿನಲ್ಲಿ ಎಡವುವುದು ಬಹುಪಾಲು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಶಿಯಲ್ ಕೊನೆಗೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಮುಂದೆ, ಐಟಿಐ ಪ್ರಮಾಣಪತ್ರದಲ್ಲಿ ಇನಿಶಿಯಲ್ಲೇ ಇಲ್ಲ, ಹೀಗಿದ್ದರೆ ದೃಢೀಕರಣ ನಿಂತುಹೋಗುತ್ತದೆ. ಆಧಾರನ್ನು ಎಸ್ಸೆಸ್ಸೆಲ್ಸಿ ಕಾರ್ಡಿಗೆ ಸರಿಹೊಂದಿಸಿ, ಮೊಬೈಲ್ ನಂಬರ್ ಜೋಡಿಸಿ. ಬ್ಯಾಂಕಿಗೆ ಹೋಗಿ ಖಾತೆ ಆಧಾರ್‌ಗೆ ಬರೀ ಲಿಂಕ್ ಆಗಿದ್ದರೆ ಸಾಲದು, ಸರ್ಕಾರದ ಹಣ ಬರುವ ಖಾತೆಯಾಗಿ ಮ್ಯಾಪ್ ಆಗಿದೆಯಾ ಎಂದು ಕೇಳಿ. ಮನೆಯಲ್ಲಿ ಎಂದೋ ತೆರೆದು ಮರೆತ ಸ್ಕಾಲರ್‌ಶಿಪ್ ಖಾತೆಗೆ ದುಡ್ಡು ಹೋಗಿ ಕೂತಿರುವುದು ಅಪರೂಪವೇನಲ್ಲ. ಒಪ್ಪಂದದ ನೋಂದಣಿ ಸಂಖ್ಯೆ ಬಂದಮೇಲೆ ಅದರ ಪ್ರತಿ ಮನೆಯಲ್ಲಿಡಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸು ತರಬೇಕು, ಅಡವಿಟ್ಟ ಹಾಗೆ ಬಿಟ್ಟುಬರುವುದಲ್ಲ.

ವರ್ಷ ಮುಗಿದ ಮೇಲೆ ಪರ್ಮನೆಂಟ್ ಆಗುತ್ತದೆಯೇ? ಕಾನೂನಿನ ಪ್ರಕಾರ ಕೆಲಸ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಒಪ್ಪಂದದಲ್ಲೇ ಹಾಗೆ ಬರೆದಿದ್ದರೆ ಮಾತ್ರ ಕಂಪನಿ ಬದ್ಧ. ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಗೂ ತನ್ನದೊಂದು ನೀತಿ ಇರಬೇಕೆಂದು 2014ರ ತಿದ್ದುಪಡಿ ಹೇಳುತ್ತದೆ, ಅದೇನೆಂದು ಕೇಳುವ ಹಕ್ಕು ನಿಮಗಿದೆ. ಇತರ ಅರ್ಹತೆ ಸಮವಾಗಿದ್ದರೆ ಹೊರಗಿನವರಿಗಿಂತ ಅಲ್ಲೇ ಕಲಿತವರಿಗೆ ಆದ್ಯತೆ ಸಿಗಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಹೇಳಿದೆ. ಅದು ಆದ್ಯತೆ ಮಾತ್ರ, ನೌಕರಿಯ ಖಾತ್ರಿ ಅಲ್ಲ. ರೈಲ್ವೆಯ ಲೆವೆಲ್–1 (ಆರಂಭಿಕ ಹಂತದ ಹುದ್ದೆಗಳ) ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆಗಳು ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿ ಎನ್‌ಎಸಿ ಪಡೆದವರಿಗೆ ಇವೆ, ಅವರೂ ಪರೀಕ್ಷೆ ಬರೆಯಬೇಕು. ಹಾಗಾಗಿ ಯಲಹಂಕದ ರೈಲು ಗಾಲಿ ಕಾರ್ಖಾನೆ, ನೈಋತ್ಯ ರೈಲ್ವೆ, ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಇವುಗಳ ಅಪ್ರೆಂಟಿಸ್ ಪ್ರಕಟಣೆ ಬಂದರೆ ಅರ್ಜಿ ಹಾಕುವುದನ್ನು ಬಿಡಬೇಡಿ. ಅದಕ್ಕಾಗಿ ಕಾದು ಕೂರುವುದೂ ಬೇಡ.

ಇಲ್ಲೊಂದು ಬಲೆ ಇದೆ. ಇಂಥ ಹಲವು ಪ್ರಕಟಣೆಗಳಲ್ಲಿ ಈಗಾಗಲೇ ಅಪ್ರೆಂಟಿಸ್ ಮಾಡಿದವರು ಅಥವಾ ಮಾಡುತ್ತಿರುವವರು ಅರ್ಜಿ ಹಾಕುವಂತಿಲ್ಲ, ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಇದ್ದವರೂ ಬೇಡ, ಐಟಿಐ ಪಾಸಾಗಿ ಇಂತಿಷ್ಟು ವರ್ಷ ಮೀರಿರಬಾರದು ಎಂಬ ಷರತ್ತುಗಳಿರುತ್ತವೆ. ಅಂದರೆ ಅಪ್ರೆಂಟಿಸ್‌ಶಿಪ್ ಸಾಮಾನ್ಯವಾಗಿ ಒಮ್ಮೆ ಮಾತ್ರ ಬಳಸಬಹುದಾದ ಅವಕಾಶ. ‘ಮೊದಲು ಎರಡು ವರ್ಷ ದುಡಿಯಲಿ, ಆಮೇಲೆ ಅಪ್ರೆಂಟಿಸ್ ನೋಡೋಣ’ ಎಂದರೆ ಬಾಗಿಲು ಮುಚ್ಚಿರಬಹುದು. ಅಪ್ರೆಂಟಿಸ್ ಮುಗಿಸಿ ಕೆಲಸಕ್ಕೆ ಹೋಗುವ ಬಾಗಿಲು ಮಾತ್ರ ಯಾವತ್ತೂ ತೆರೆದಿರುತ್ತದೆ. ಆದ್ದರಿಂದಲೇ ಈ ಒಂದು ವರ್ಷವನ್ನು ಎಲ್ಲಿ ಖರ್ಚು ಮಾಡುತ್ತಾನೆ ಎಂಬುದನ್ನು ತೂಗಿ ನೋಡಿ ಎನ್ನುತ್ತಿದ್ದೇನೆ. ನಡುವೆ ಕಾರಣವಿಲ್ಲದೆ ಬಿಟ್ಟರೆ ತರಬೇತಿಯ ವೆಚ್ಚ ಮರಳಿಸುವ ಹೊಣೆಯೂ ಬೀಳಬಹುದು.

ಪೀಣ್ಯದ ಕಂಪನಿಯ ಉತ್ತರಗಳು ಸರಿಬರದಿದ್ದರೆ? ಆಗಲೂ ಬೊಮ್ಮಸಂದ್ರಕ್ಕೆ ಕೂಡಲೇ ಹೊರಡಿಸಬೇಡಿ. ಪ್ರಧಾನ ಮಂತ್ರಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಮೇಳ ತಿಂಗಳ ಎರಡನೇ ಸೋಮವಾರ ನಡೆಯುತ್ತದೆ, ಸರ್ಕಾರಿ ಐಟಿಐಗಳಲ್ಲಿ ವಿಚಾರಿಸಿದರೆ ಬರುವ ಕಂಪನಿಗಳ ಪಟ್ಟಿ ಸಿಗುತ್ತದೆ. ನಿಮ್ಮ ಸುತ್ತಮುತ್ತಲೇ ಸಣ್ಣ ಮೆಷಿನ್ ಶಾಪ್‌ಗಳು ಬೇಕಾದಷ್ಟಿವೆ. ನಾಲ್ಕೈದು ಮೆಷಿನ್ ಇರುವ ಕಡೆ ಮಾಲೀಕರೇ ಕೆಲಸಗಾರರು, ಹುಡುಗನ ಕೈಗೆ ಬೇಗ ಎಲ್ಲ ಕೆಲಸ ಬರುತ್ತದೆ. ತೊಂದರೆ ಎಂದರೆ ಗಾರ್ಡ್ ಇಲ್ಲದ ಪ್ರೆಸ್, ಗ್ಲೌಸ್ ಹಾಕಿಕೊಂಡು ಡ್ರಿಲ್ಲಿಂಗ್ ಮೆಷಿನ್ ಮುಟ್ಟುವ ಅಭ್ಯಾಸ ಇಂಥವು. ತಿರುಗುವ ಸ್ಪಿಂಡಲ್ ಹತ್ತಿರ ಗ್ಲೌಸ್ ಸಿಕ್ಕಿಕೊಂಡರೆ ಬೆರಳು ಉಳಿಯದು. ಪಿಎಫ್, ಇಎಸ್‌ಐ ಕಟ್ಟುತ್ತಾರೆಯೇ ಎಂದು ನೋಡಿಯೇ ಸೇರಿಸಿ. ಜೊತೆಗೆ ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಮೆಷಿನ್‌ನ, ಅಲ್ಪಾವಧಿ ಕೋರ್ಸ್ ವಿಚಾರಿಸಬಹುದು. ಕಂಟ್ರಾಕ್ಟರ್ ಕೊಡಿಸುವ ಆಪರೇಟರ್ ಕೆಲಸವೇ ಅನಿವಾರ್ಯವಾದರೆ, ಅದನ್ನು ಆರೆಂಟು ತಿಂಗಳ ಏರ್ಪಾಡು ಎಂದು ಹಿಡಿಯಿರಿ. ಬಟನ್ ಒತ್ತಿ ಜಾಬ್ ತೆಗೆದಿಡುವವನಿಗೂ, ಇನ್ಸರ್ಟ್ (ಕತ್ತರಿಸುವ ಮೊನೆ) ಬದಲಿಸಿ ಆಫ್‌ಸೆಟ್ (ಅಳತೆಯ ಹೊಂದಾಣಿಕೆ) ಕೊಡುವವನಿಗೂ, ಡ್ರಾಯಿಂಗ್ ನೋಡಿ ಹೊಸ ಜಾಬ್ ಸೆಟ್ ಮಾಡುವವನಿಗೂ ಸಂಬಳದಲ್ಲಿ ಬಹಳ ಅಂತರ. ಮೊದಲ ಮೆಟ್ಟಿಲಲ್ಲೇ ನಾಲ್ಕು ವರ್ಷ ಕಳೆದರೆ ಅದನ್ನು ನಾಲ್ಕು ವರ್ಷದ ಅನುಭವ ಎಂದು ಯಾರೂ ಒಪ್ಪುವುದಿಲ್ಲ.

ಡಿಪ್ಲೊಮಾ ಆಸೆ ಒಳ್ಳೆಯದೇ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಈ ಸಲದ ಪ್ರವೇಶ ಮುಗಿದಿದ್ದರೆ ಅಪ್ರೆಂಟಿಸ್ ವರ್ಷ ಕಳೆದು ಹೋಗಬಹುದು, ಏನೂ ನಷ್ಟವಿಲ್ಲ. ಗಣಿತ ಮಾತ್ರ ಈಗಿನಿಂದಲೇ ದಿನಾ ಅರ್ಧ ಗಂಟೆ ಓದಲಿ. ಐಟಿಐಯಿಂದ ಹೋದವರು ಅಲ್ಲಿ ಮುಗ್ಗರಿಸುವುದು ವರ್ಕ್‌ಶಾಪಿನಲ್ಲಿ ಅಲ್ಲ, ಎಂಜಿನಿಯರಿಂಗ್ ಗಣಿತದಲ್ಲಿ.

ಸೇರಿದ ಮೇಲೆ ಮಗ ಒಂದು ದಪ್ಪ ನೋಟ್‌ಬುಕ್ ಇಡಲಿ. ಕಂಪನಿ ಇಡಿಸುವ ರೆಕಾರ್ಡ್ ಬುಕ್ ಬೇರೆ, ಇದು ಅವನದೇ. ಅವತ್ತು ಮಾಡಿದ ಕೆಲಸದ ಕೈಚಿತ್ರ, ಡ್ರಾಯಿಂಗಿನ ಅಳತೆ, ತಾನು ಅಳೆದಾಗ ಬಂದದ್ದು, ಏನು ತಪ್ಪಾಯಿತು, ಯಾರು ಹೇಗೆ ಸರಿಮಾಡಿದರು, ಇಷ್ಟು. ಕಂಪನಿಯ ಡ್ರಾಯಿಂಗಿನ ಫೋಟೊ ಮೊಬೈಲಿನಲ್ಲಿ ತೆಗೆಯಬಾರದು, ಅದಕ್ಕೆ ಕೆಲಸದಿಂದ ತೆಗೆದವರಿದ್ದಾರೆ. ಮುಂದೆ ಇಂಟರ್‌ವ್ಯೂನಲ್ಲಿ ಒಂದು ಜಾಬ್, ಒಂದು ಡ್ರಾಯಿಂಗ್, ಒಂದು ವರ್ನಿಯರ್ ಮುಂದಿಟ್ಟು ‘ನೋಡಿ ಹೇಳು’ ಎಂದಾಗ ಈ ನೋಟ್‌ಬುಕ್ ಬರೆದ ಕೈ ನಡುಗುವುದಿಲ್ಲ.

ಎರಡು ತಿಂಗಳು ಕಳೆದರೂ ಒಂದೇ ಜಾಗದಲ್ಲಿದ್ದರೆ ಸುಮ್ಮನಿರಬಾರದು. ಮೊದಲು ತರಬೇತಿ ಅಧಿಕಾರಿಗೆ ವಿನಯವಾಗಿ, ಬರವಣಿಗೆಯಲ್ಲಿ, ‘ಸರ್, ಚಾರ್ಟ್ ಪ್ರಕಾರ ಮೆಂಟೆನೆನ್ಸ್‌ಗೆ ಹಾಕಿಕೊಡಿ’ ಎಂದು ಕೇಳಲಿ. ಜಗಳದ ಧಾಟಿ ಬೇಡ, ಕೇಳಿದ್ದಕ್ಕೆ ದಾಖಲೆ ಇರಲಿ. ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬರಬೇಕು, ತಡವಾದರೆ ಅದನ್ನೂ ಬರೆದಿಡಲಿ. ಗಾಯವಾದರೆ ಆ ದಿನವೇ ಅಪಘಾತದ ದಾಖಲಾತಿಯಲ್ಲಿ ಬರೆಸಬೇಕು. ಇಎಸ್‌ಐ ಇಲ್ಲದಿದ್ದರೂ ಕಾನೂನಿನಂತೆ ಕಂಪನಿಯೇ ಪರಿಹಾರ ಕೊಡಬೇಕು. ಮಾತಿನಿಂದ ಬಗೆಹರಿಯದಿದ್ದರೆ ದೂರು ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಬಳಿ ಹೋಗುತ್ತದೆ. ಕರ್ನಾಟಕದೊಳಗಿನ ಖಾಸಗಿ ಕಂಪನಿಯಾದರೆ ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ, ಡೈರಿ ವೃತ್ತದ ಬಳಿಯ ಕೌಶಲ್ಯ ಭವನ. ಕೇಂದ್ರ ಉದ್ದಿಮೆ, ಅಥವಾ ನಾಲ್ಕು ಇಲ್ಲವೇ ಹೆಚ್ಚು ರಾಜ್ಯಗಳಲ್ಲಿ ಘಟಕಗಳಿರುವ ಕಂಪನಿಯಾದರೆ, ಕೇಂದ್ರ ಕೌಶಲ್ಯಾಭಿವೃದ್ಧಿ ಸಚಿವಾಲಯದ ಬೆಂಗಳೂರು ಪ್ರಾದೇಶಿಕ ಕಚೇರಿ. ಒಪ್ಪಂದದ ನೋಂದಣಿ ಸಂಖ್ಯೆ, ಬರೆದುಕೊಟ್ಟ ಮನವಿಯ ಪ್ರತಿ, ಪಾಸ್‌ಬುಕ್ ಈ ಮೂರನ್ನು ಜೊತೆಗೆ ಒಯ್ಯಿರಿ. ಅಡ್ವೈಸರ್ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು.